ದುರಸ್ತಿ ಸಹಿತ

"ಬರೀ ಔಷಧಿ ಹೊಡೆಯೋ ಒಪ್ಪಂದ ಮಾಡ್ಕೊ. ದುರಸ್ತಿನೂ ಸೇರಿರೋದು ಮಾತ್ರ ಬೇಡ ಕಣಮ್ಮ," ಎಂದಳು ಪಕ್ಕದ ಮನೆಯ ನರ್ಸಮ್ಮ. ಕಾಂಪೌಂಡು ಗೋಡೆಯ ಆಚೆ ನಿಂತು, ಒಂದು ಕಣ್ಣು ಬೀದಿಯ ಕಡೆಗೇ ಇಟ್ಟುಕೊಂಡು ಮಾತಾಡುತ್ತಿದ್ದಳು. "ಗೆದ್ದಲು ಬಾಗಿಲು ತಿಂದ್ರೆ ತಿನ್ಲಿ ಬಿಡು. ಬಾಗಿಲು ಹೊಸದು ಮಾಡಿಸ್ಬೋದು."

ಗೋಡೆಯ ಈಚೆ ನಿಂತವಳಿಗೆ ನಗು ತಡೆಯಲಾಗಲಿಲ್ಲ. ಅವಳು ವಿಮಾ ಕಂಪನಿಯೊಂದರಲ್ಲಿ ಪರಿಹಾರ ಕೇಳಿ ಬಂದ ಅರ್ಜಿಗಳನ್ನು ಜಾಲಾಡುವ ಕೆಲಸದವಳು. ಒಪ್ಪಂದದ ಕಾಗದ ಕೈಗೆ ಸಿಕ್ಕಿದರೆ ಕೊನೆಯ ಪುಟದ ಸಣ್ಣಕ್ಷರದಿಂದಲೇ ಓದಲು ಶುರುಮಾಡುವವಳು. ಆಫೀಸಿನವರು ಬೆನ್ನ ಹಿಂದೆ ಅವಳಿಗೆ ಷರತ್ತಮ್ಮ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಆಗಿತ್ತು. ಅಂಥವಳಿಗೆ ಯಾವ ಒಪ್ಪಂದ ಮಾಡಿಕೊಳ್ಳಬೇಕೆಂದು ಗೋಡೆಯ ಆಚೆಯಿಂದ ಪಾಠ.

"ದುರಸ್ತಿ ಸೇರಿದ್ರೆ ಒಳ್ಳೇದೇ ಅಲ್ವಾ ನರ್ಸಮ್ಮ? ಬರೀ ಔಷಧಿ ಅಂದ್ರೆ ಗೆದ್ದಲು ತಿಂದು ಮುಗಿಸಿದ ಮೇಲೆ ಬಂದು ಇನ್ನೊಂದ್ಸಲ ಹೊಡೆದು ಹೋಗ್ತಾರೆ ಅಷ್ಟೇ. ತಿಂದಿದ್ದನ್ನ ಕಟ್ಟಿಕೊಡೋರು ಯಾರು?"

"ನಿಮ್ಮ ಸೋದರತ್ತೆನ ಕೊನೆಗಾಲದಲ್ಲಿ ನೋಡ್ಕೊಂಡೋಳು ನಾನು. ಮಂಚದಿಂದ ಎತ್ತಿದ್ರೆ ಖಾಲಿ ಬುಟ್ಟಿ ಎತ್ತಿದ ಹಾಗಿತ್ತು." ನರ್ಸಮ್ಮ ದನಿ ತಗ್ಗಿಸಿದಳು. "ಬೆನ್ನು ಒರೆಸುವಾಗ ಸದ್ದು ಬರ್ತಿತ್ತು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದೀನಿ, ಮೈಯಿಂದ ಅಂಥ ಸದ್ದು ಬಂದಿದ್ದು ಕೇಳಿಲ್ಲ. ಇದು ಮಾಟ ಕಣಮ್ಮ. ಔಷಧಿಯಲ್ಲ."

"ಗೆದ್ದಲಿಗೂ ಮಾಟವಾ," ಎಂದು ಷರತ್ತಮ್ಮ ಮೂಗು ಮುರಿದು ಒಳಗೆ ಬಂದಳು.

ಮನೆ ಅವಳಿಗೆ ಅಕ್ಕ ಕೊಟ್ಟದ್ದು. ಸೋದರತ್ತೆ ತೀರಿಹೋದ ಮೇಲೆ ಅಕ್ಕನಿಗೆ ಬಂದಿತ್ತು. ಅಕ್ಕ ದರ್ಜಿ, ಒಂಟಿ ಹೆಂಗಸು. ಎಡಗೈಯಲ್ಲಿ ಬಲವೇ ಇಲ್ಲ, ನರದ ದೌರ್ಬಲ್ಯವಂತೆ, ಇಷ್ಟು ದೊಡ್ಡ ಮನೆ ನನ್ನೊಬ್ಬಳ ಕೈಲಿ ಆಗಲ್ಲ ಎಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆಗೆ ಹೋಗಿಬಿಟ್ಟಿದ್ದಳು. ಗಂಡ ಸತ್ತ ಮೇಲೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪಡಗ ಹೊತ್ತುಕೊಂಡೇ ಮಗಳನ್ನು ಬೆಳೆಸಿದ ತಂಗಿಗೆ ಬೀಗದ ಕೈ ಕೊಟ್ಟ ದಿನ, ಆ ಜೋಲುಬಿದ್ದ ಕೈಯನ್ನು ತಂಗಿ ಕಣ್ಣಿಗೊತ್ತಿಕೊಂಡು ಅತ್ತಿದ್ದಳು. ಅಕ್ಕ ಕೇಳಿದ್ದು ಒಂದೇ. "ಗೆದ್ದಲಿನ ಒಪ್ಪಂದ ನಿನ್ನ ಹೆಸರಿಗೆ ಮಾಡ್ಕೊ ಕಣೇ. ದುರಸ್ತಿ ಸಹಿತ ಇರೋದನ್ನ. ಮಧ್ಯದಲ್ಲಿ ಬಿಟ್ರೆ ಮತ್ತೆ ಸಿಗಲ್ಲ."

ಔಷಧಿಯವನು ಬಂದದ್ದು ಉರಿಬಿಸಿಲಿನ ಮಧ್ಯಾಹ್ನ. ಸಣಕಲು ಆಳು, ಮೃದು ಮಾತು, ಮಾಸದ ಬಿಳಿ ಅಂಗಿ. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಬಾಗಿಲ ಚೌಕಟ್ಟನ್ನು ತಟ್ಟುತ್ತ ಹೋದ. ಗೆದ್ದಲು ಮೇಲಿನ ಬಣ್ಣವನ್ನು ಮುಟ್ಟುವುದಿಲ್ಲ, ಒಳಗಿನ ಮರವನ್ನಷ್ಟೇ ತಿಂದು ಅಲ್ಲಿ ಮಣ್ಣು ತುಂಬುತ್ತದೆ, ನೋಡುವವರಿಗೆ ಬಾಗಿಲು ಬಾಗಿಲಾಗಿಯೇ ಇರುತ್ತದೆ, ತಟ್ಟಿದರೆ ಮಾತ್ರ ಗೊತ್ತಾಗುತ್ತದೆ ಎಂದು ಹೇಳಿಕೊಟ್ಟ. ಗೋಡೆಯ ಮೇಲೆಲ್ಲ ಮಣ್ಣಿನ ಸಣ್ಣ ಕೊಳವೆಗಳು ಹರಿದಾಡಿದ್ದವು. ಅಟ್ಟದ ಮೂಲೆಯಲ್ಲಿ ಹಸಿ ಮಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಆದರೂ ತೊಲೆಯಿಂದ ಹಿಡಿದು ಕಿಟಕಿಯ ಸರಳಿನ ಪಟ್ಟಿಯವರೆಗೆ ಒಂದೇ ಒಂದು ಮರ ಟೊಳ್ಳಿರಲಿಲ್ಲ, ಎಲ್ಲವೂ ಗಟ್ಟಿ ಸದ್ದು ಕೊಟ್ಟವು.

"ನೋಡಿ, ಇಷ್ಟೊಂದು ಗೆದ್ದಲಿದ್ರೂ ಮನೆ ಹೇಗಿದೆ," ಎಂದ ಔಷಧಿಯವನು. "ತಿಂದಿದ್ದೆಲ್ಲ ಮತ್ತೆ ತುಂಬಿಸ್ತೀವಿ. ಅದಕ್ಕೇ ದುರಸ್ತಿ ಸಹಿತ ಅನ್ನೋದು."

"ಸಾಮಾನು ಯಾರದು? ಮರ, ಹಲಗೆ?"

"ಮನೆಯೊಳಗೇ ಸಿಗುತ್ತೆ ಮೇಡಂ. ನೀವೇನೂ ತರೋದು ಬೇಡ."

ಅಟ್ಟದ ಮೇಲೆ ಹಳೆಯ ಹಲಗೆಗಳು ಬಿದ್ದಿದ್ದವು, ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡಳು. ಕಾಗದವನ್ನು ಮೇಜಿನ ಮೇಲೆ ಹರಡಿ ಪೆನ್ನು ತೆಗೆದಳು. ಒಂದು ಕಡೆ ಪೆನ್ನು ನಿಂತಿತು. ಯಾವ ಕಡೆಯವರಾದರೂ ಯಾವಾಗ ಬೇಕಾದರೂ ತಿಳಿಸಿ ಒಪ್ಪಂದವನ್ನು ಕೈಬಿಡಬಹುದು ಎಂದಿತ್ತು. ಇಂಥ ಸಾಲಿನಿಂದಲೇ ಮನೆಮಂದಿ ಬೀದಿಗೆ ಬಿದ್ದದ್ದನ್ನು ಅವಳು ಆಫೀಸಿನಲ್ಲಿ ದಿನಾ ನೋಡುತ್ತಿದ್ದಳು. ದೊಡ್ಡ ಹಾನಿ ಕಂಡ ಕೂಡಲೇ ಕಂಪನಿಯವರು ಈ ಸಾಲು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

"ಇದು ಇರಕೂಡದು," ಎಂದಳು. "ನಾಳೆ ತೊಲೆ ಬಿದ್ರೆ ಒಪ್ಪಂದ ಬಿಟ್ವಿ ಅಂತ ಹೊರಟುಬಿಡ್ತೀರಿ. ವರ್ಷ ತುಂಬೋವರೆಗೆ ಯಾರೂ ಬಿಡೋ ಹಾಗಿಲ್ಲ ಅಂತ ಬರೀರಿ."

ಅವನು ಆ ಸಾಲಿನ ಮೇಲೆ ಬೆರಳಿಟ್ಟ. "ಯಾರೂ ಅಂದ್ರೆ ನೀವೂ ಸೇರಿ, ಮೇಡಂ."

"ಸೇರ್ಲಿ. ನಾನ್ಯಾಕೆ ಬಿಡ್ತೀನಿ?"

ಅವನು ಬೇಡವೆನ್ನಲಿಲ್ಲ, ಚೌಕಾಸಿ ಮಾಡಲಿಲ್ಲ. ಆ ಸಾಲನ್ನು ಹೊಡೆದು ಪಕ್ಕದಲ್ಲಿ ಬರೆದುಕೊಟ್ಟ. ಅವಳು ಗೆದ್ದ ಖುಷಿಯಲ್ಲಿ ಸಹಿ ಹಾಕಿದಳು. ಆಮೇಲೆ ಕಿಟಕಿಗಳೆಲ್ಲ ಮುಚ್ಚಿದವು. ಗೋಡೆಯ ಬುಡದುದ್ದಕ್ಕೂ ಡ್ರಿಲ್ ಮಷೀನು ಕೊರೆಯುತ್ತ ಹೋಯಿತು, ತೂತಿಗೆ ಔಷಧಿ ಸುರಿದು ಸಿಮೆಂಟು ಮೆತ್ತುತ್ತ ಅವನು ಹಿಂದೆಯೇ ಬಂದ. ಸೀಮೆಎಣ್ಣೆಗೂ ಕೊಳೆತ ಎಲೆಗೂ ಮಧ್ಯದ ಒಂದು ವಾಸನೆ ಗಂಟಲಲ್ಲಿ ಕುಳಿತಿತು. ಕೊನೆಯ ತೂತನ್ನು ನಡುಮನೆಯ ಹೊಸ್ತಿಲ ಕೆಳಗೆ ಕೊರೆದು, ಅದಕ್ಕೆ ಔಷಧಿ ಸುರಿಯದೆ ಅವನು ಕೈ ಚಾಚಿದ.

"ಸಹಿ ಮಾಡಿದವರ ಉಗುರು ಬೇಕು ಮೇಡಂ. ಒಂದು ಚೂರು."

"ಇದೂ ಒಪ್ಪಂದದಲ್ಲಿದೆಯಾ?"

"ಪದ್ಧತಿ."

ಅವಳು ನಗುತ್ತಲೇ ಉಗುರು ಕತ್ತರಿಸಿ ಕೊಟ್ಟಳು. ಕಾಲೇಜಿನಿಂದ ಬರುವ ಮಗಳಿಗೆ ಹೇಳಿ ನಗಿಸಲು ಒಂದು ಕತೆ ಸಿಕ್ಕಿತೆಂದು ಖುಷಿಯೇ ಆಯಿತು. ಅವನು ಉಗುರನ್ನು ಕಪ್ಪು ಅಂಟಿನಲ್ಲಿ ಉರುಳಿಸಿ ತೂತಿಗಿಳಿಸಿದ. ಬಗ್ಗಿ, ತುಟಿಯನ್ನು ತೂತಿಗೆ ತಾಗಿಸುವಷ್ಟು ಹತ್ತಿರ ತಂದು, ಏನೋ ಹೇಳಿದ. ಮಂತ್ರದ ಅಬ್ಬರವಿಲ್ಲ. ಯಾರೋ ಕಾಯುತ್ತಿರುವವರಿಗೆ ವಿಳಾಸ ಹೇಳಿಕೊಡುವ ದನಿಯಿತ್ತು. ಹೇಳಿ ಮುಗಿಸಿ ಸಿಮೆಂಟು ಮೆತ್ತಿದ.

ಕೆಲವು ತಿಂಗಳು ಏನೂ ಆಗಲಿಲ್ಲ. ತಾಯಿ ಮಗಳು ಗೋಡೆಗೆ ಬಣ್ಣ ಬಳಿದರು, ಮೊದಲ ಸಲ ಸ್ವಂತ ಗೋಡೆಗೆ ಮೊಳೆ ಹೊಡೆದರು. ಆಮೇಲೆ ಒಂದು ಸಂಜೆ ಉಗ್ರಾಣದ ಬಾಗಿಲಿಗೆ ಮಗಳು ಬೆನ್ನು ಕೊಟ್ಟಾಗ ಬಾಗಿಲು ಒಳಕ್ಕೆ ಕುಸಿಯಿತು. ಬಣ್ಣದ ಸಿಪ್ಪೆ ಹರಿದು ಒಳಗೆ ಬೆಳ್ಳನೆಯ ಹುಳಗಳು ಗಿಜಿಗುಡುತ್ತಿದ್ದವು. ಷರತ್ತಮ್ಮನಿಗೆ ಗಾಬರಿಗಿಂತ ಉತ್ಸಾಹವೇ ಹೆಚ್ಚಾಯಿತು. ಫೋಟೋ ತೆಗೆದಳು, ಬೆಳಗ್ಗೆ ಔಷಧಿಯವನಿಗೆ ಫೋನು ಮಾಡುವುದೆಂದು ಮಲಗಿದಳು. ಬೆಳಗ್ಗೆ ಎದ್ದು ನೋಡಿದರೆ ಬಾಗಿಲು ಕಲ್ಲಿನಂತೆ ಗಟ್ಟಿಯಾಗಿ ನಿಂತಿತ್ತು. ಯಾರೂ ಬಂದಿರಲಿಲ್ಲ. ಅವಳ ಬಲಗಾಲಿನ ಕಿರುಬೆರಳಿಗೆ ಮಾತ್ರ ಚಪ್ಪಲಿಯ ಸ್ಪರ್ಶ ತಿಳಿಯುತ್ತಿರಲಿಲ್ಲ.

ಆಮೇಲೆ ಕಿಟಕಿಯ ಪಟ್ಟಿ. ಆಮೇಲೆ ಅಟ್ಟದ ಏಣಿ. ಪ್ರತಿ ಸಲ ಮರ ಕುಸಿಯುವುದು, ಪ್ರತಿ ಸಲ ಬೆಳಗಾಗುವುದರೊಳಗೆ ತುಂಬಿಕೊಳ್ಳುವುದು. ಬೆರಳುಗಳು ಹೋದವು, ಪಾದ ಹೋಯಿತು. ನೋವಿಲ್ಲ, ಊತವಿಲ್ಲ, ನೋಡಲು ಕಾಲು ಕಾಲಿನಂತೆಯೇ ಇದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಕೊನೆಗೆ ಹೇಳಿದ್ದು ನರದ ದೌರ್ಬಲ್ಯವಿರಬಹುದು ಎಂದು. ಆ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅವಳಿಗೆ ಆಟೋದಲ್ಲಿ ಕುಳಿತಾಗ ಅನ್ನಿಸಿತು. ಮನೆ ಸೇರುವ ಹೊತ್ತಿಗೆ ನೆನಪಾಯಿತು, ಅಕ್ಕನ ಬಾಯಲ್ಲಿ.

ಮನೆಗೆ ಬಂದು ಮಂಚದ ಮೇಲೆ ಕುಳಿತಳು. ಮಗಳು ಕಾಲೇಜಿಗೆ ಹೋಗಿದ್ದಳು. ಕರೆಂಟು ಹೋಗಿತ್ತು, ಕಿಟಕಿಯ ಪರದೆ ಇಳಿಬಿಟ್ಟು ಹಗಲಲ್ಲೇ ಕೋಣೆ ಮಬ್ಬಾಗಿತ್ತು. ಮೇಜಿನ ಮೇಲೆ ಸ್ಕ್ರೂಡ್ರೈವರಿತ್ತು. ಬೇಡ ಅಂದುಕೊಂಡಳು. ಎತ್ತಿಕೊಂಡಳು. ಹಿಡಿಯಿಂದ ಮೊಣಕಾಲಿನ ಕೆಳಗೆ ತಟ್ಟಿದಳು.

ಡಬ್.

ಇನ್ನೊಂದು ಸಲ ತಟ್ಟಿದಳು. ಡಬ್. ಖಾಲಿ ಡಬ್ಬದ ಸದ್ದು. ಎಡಗಾಲಿಗೆ ತಟ್ಟಿದಳು. ಗಟ್ಟಿ. ನೋವಾಯಿತು. ಮತ್ತೆ ಬಲಗಾಲು. ಡಬ್. ಬೆರಳಿಟ್ಟು ಒತ್ತಿದಳು. ಚರ್ಮ ಒಳಕ್ಕೆ ಹೋಯಿತು. ತಡೆಯೇ ಇಲ್ಲ. ಬಣ್ಣದ ಸಿಪ್ಪೆಯ ಹಾಗೆ ಸುಕ್ಕುಗಟ್ಟಿತು. ಒಳಗೆ ಏನೋ ಸರಿದಾಡಿತು. ಹಿಮ್ಮಡಿಯ ಬಿರುಕಿನಿಂದ ಸಣ್ಣಗೆ ಮಣ್ಣು ಉದುರಿತು. ಹಸಿ ಮಣ್ಣು. ಅಟ್ಟದ ವಾಸನೆ. ಅವಳು ಸ್ಕ್ರೂಡ್ರೈವರನ್ನು ದೂರ ಎಸೆದಳು.

ಆವತ್ತೇ ಸಂಜೆ ಅಕ್ಕನನ್ನು ಕರೆಸಿದಳು. ಅಕ್ಕ ಬಂದಳು. ಬಟ್ಟೆಯ ದೊಡ್ಡ ಗಂಟೊಂದನ್ನು ಎಡಗೈಯಲ್ಲಿ ಎತ್ತಿಕೊಂಡೇ ಬಂದಳು. ಬಾಗಿಲಲ್ಲಿ ತಂಗಿಯ ನೋಟ ಎಲ್ಲಿ ನೆಟ್ಟಿದೆಯೆಂದು ತಿಳಿದ ಮೇಲೆ ಗಂಟನ್ನು ಕೆಳಗಿಟ್ಟಳು, ಆದರೆ ಹೊತ್ತು ಮೀರಿತ್ತು.

"ನಿನಗೆ ಗೊತ್ತಿತ್ತಾ ಅಕ್ಕ?"

ಅಕ್ಕ ಕುರ್ಚಿಯ ತುದಿಯಲ್ಲಿ ಕುಳಿತಳು. "ಅತ್ತೆಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ನನಗೆ ಮೊಣಕೈವರೆಗೆ ಹೋದ ಮೇಲೆ ಗೊತ್ತಾಯ್ತು. ಅವನನ್ನೇ ಹಿಡ್ಕೊಂಡು ಕೇಳಿದೆ, ಹೇಳಿದ. ಅವನು ಕೇಳಿದ್ದಕ್ಕೆ ಸುಳ್ಳು ಹೇಳಲ್ಲ."

"ನಾನು ಹೊಡೆಸಿ ಹಾಕಿದ ಕೈಬಿಡೋ ಸಾಲು ನಿನ್ನ ಕಾಗದದಲ್ಲಿ ಇತ್ತು. ಯಾವತ್ತು ಬೇಕಾದ್ರೂ ನಿಲ್ಲಿಸಬಹುದಿತ್ತಲ್ಲ."

"ನಿಲ್ತಿತ್ತು. ಹೋದ ಕೈ ವಾಪಸ್ ಬರ್ತಿರ್ಲಿಲ್ಲ." ಅಕ್ಕ ತನ್ನ ಎಡಗೈಯನ್ನು ನೋಡಿಕೊಂಡಳು. "ರಕ್ತಸಂಬಂಧದವರು ತಾವಾಗಿ ಸಹಿ ಮಾಡಿದ್ರೆ ಮಾತ್ರ ಬರುತ್ತೆ ಅಂದ. ಹೊಲಿಯೋಳಿಗೆ ಕೈ ಇಲ್ದಿದ್ರೆ ಇನ್ನೇನಿದೆ ಹೇಳು."

"ಅದಕ್ಕೆ ನನ್ನನ್ನ ಕೊಟ್ಟೆಯಾ?"

"ನೀನು ಓದಿದೋಳು. ಕಾಗದ ಅರ್ಥ ಮಾಡ್ಕೊಳ್ಳೋಳು. ಒಂದು ಬೆರಳು ಮರಗಟ್ಟಿದ ಕೂಡಲೇ ಕಾರಣ ಹುಡುಕ್ತೀಯ, ಒಪ್ಪಂದ ಬಿಡ್ತೀಯ ಅಂದ್ಕೊಂಡೆ. ಒಂದು ಬೆರಳು ಹೋಗುತ್ತೆ ಅಷ್ಟೇ, ನನಗೆ ಕೈ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಆ ಸಾಲನ್ನೇ ನೀನು ಹೊಡೆದು ಹಾಕ್ತೀಯ ಅಂತ ನಾನು ಕನಸು ಕಂಡಿದ್ನಾ?"

ಷರತ್ತಮ್ಮನಿಗೆ ಅಕ್ಕನ ಮೇಲೆ ಬಂದ ಸಿಟ್ಟಿಗಿಂತ ಆ ಲೆಕ್ಕದ ಮೇಲೆ ಬಂದ ಸಂಕಟ ದೊಡ್ಡದಾಗಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು. ತನ್ನ ಗಂಡ ಸತ್ತ ದಿನ ಪಕ್ಕದಲ್ಲಿ ಕುಳಿತು ತಲೆ ನೇವರಿಸಿದ್ದು ಇದೇ ಕೈ. ಆ ಕೈಗಾಗಿ ತಂಗಿಯ ಮೈಯಲ್ಲಿ ಎಷ್ಟು ಹೋದರೆ ಪರವಾಗಿಲ್ಲ ಎಂದು ಕೂತು ಅಳೆದಿದ್ದಾಳೆ, ಬಟ್ಟೆ ಅಳೆದ ಹಾಗೆ.

"ನಿನ್ನ ಹೆಸರಿಗೆ ವಾಪಸ್ ತಗೋ."

"ಒಂದ್ಸಲ ಬಿಟ್ಟೋರಿಗೆ ಮತ್ತೆ ಬರಲ್ವಂತೆ." ಅಕ್ಕ ಎದ್ದು ನಿಂತಳು. ಬಾಗಿಲ ಬಳಿಯಿದ್ದ ಮಗಳ ಚಪ್ಪಲಿಗಳನ್ನು ದಾಟುವಾಗ ಒಂದು ಕ್ಷಣ ನಿಂತಳು. "ಪುಟ್ಟಿ ಚಿಕ್ಕ ವಯಸ್ಸಿನೋಳು. ಗಟ್ಟಿಮುಟ್ಟಾಗಿದಾಳೆ. ನಿನ್ನ ಕಾಲು—"

"ಹೊರಗೆ ಹೋಗು," ಎಂದಳು ಷರತ್ತಮ್ಮ. "ಅವಳ ಹೆಸರು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬಂದ್ರೆ ನಾನು ಮನುಷ್ಯಳಾಗಿರಲ್ಲ."

ಅಕ್ಕ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಷರತ್ತಮ್ಮ ಬಾಗಿಲಿಗೆ ಅಗುಳಿ ಹಾಕಿದಳು. ಔಷಧಿಯವನಿಗೆ ಫೋನು ಮಾಡಿದಳು, ಬೈದಳು, ಬೇಡಿಕೊಂಡಳು. ಅವನ ದನಿ ಒಂದಿಷ್ಟೂ ಏರಲಿಲ್ಲ. ಮನೆ ಬಿಟ್ಟು ದೂರ ಹೋದರೆ ಎಂದು ಕೇಳಿದಳು. ನೀವು ಎಲ್ಲಿದ್ದರೂ ಪರವಾಗಿಲ್ಲ ಮೇಡಂ, ಮನೆ ಇಲ್ಲೇ ಇರುತ್ತಲ್ಲ ಎಂದ. ಮನೆಯನ್ನೇ ಕೆಡವಿಸಿದರೆ ಎಂದಳು. ಕೆಡವಿದ್ದೂ ಹಾನಿಯೇ ಮೇಡಂ, ಅಷ್ಟನ್ನೂ ಒಟ್ಟಿಗೆ ತುಂಬಿಸಬೇಕಾಗುತ್ತದೆ ಎಂದ. ವರ್ಷ ತುಂಬುವ ದಿನ ಮನೆಗೆ ಬರುತ್ತೇನೆ, ಬೇಡವೆಂದು ಆವತ್ತು ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು ಎಂದೂ ಹೇಳಿದ.

ಹಾಗಾದರೆ ಕಾಯುವುದೇ ಸರಿ ಎಂದು ಅವಳು ನಿರ್ಧರಿಸಿದಳು. ಒಂದು ಕಾಲು ಹೋದರೆ ಹೋಗಲಿ, ಕೋಲು ಹಿಡಿದು ಬದುಕಬಹುದು. ಆವತ್ತಿನಿಂದ ಗೋಡೆಯ ಮೇಲಿನ ಮಣ್ಣಿನ ಕೊಳವೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು, ಕಂಡಕಂಡಲ್ಲಿ ಕೆರೆದಳು, ಬಿಸಿನೀರು ಸುರಿದಳು. ನರ್ಸಮ್ಮ ದಿನಾ ಬಂದು ಕಾಲಿಗೆ ಬಟ್ಟೆ ಸುತ್ತಿ ಹೋಗುತ್ತಿದ್ದಳು. ಹೇಳಿದ್ದೆನಲ್ಲ ಎಂದು ಒಂದು ದಿನವೂ ಅನ್ನಲಿಲ್ಲ, ಅದಕ್ಕಾಗಿ ಅವಳಿಗೆ ಕೈ ಮುಗಿಯಬೇಕೆಂದು ಷರತ್ತಮ್ಮನಿಗೆ ಅನ್ನಿಸುತ್ತಿತ್ತು. ಟೊಳ್ಳು ಮೊಣಕಾಲು ದಾಟಿ ತೊಡೆಗೆ ಏರಿತು. ಎದ್ದು ನಿಂತರೆ ಕಾಲು ಮಡಚಿಕೊಳ್ಳುತ್ತಿತ್ತು, ಹಾಸಿಗೆಯೇ ಗತಿಯಾಯಿತು.

ಮಗಳಿಗೆ ಮಾತ್ರ ನಿಜ ಹೇಳಲಿಲ್ಲ. ಹೆದರಿಕೊಂಡಾಳು, ಓದು ಕೆಟ್ಟೀತು, ಇನ್ನೇನು ವರ್ಷ ತುಂಬುತ್ತದೆ ಎಂದು ನರದ ದೌರ್ಬಲ್ಯವೆಂದೇ ನಂಬಿಸಿದಳು. ದೊಡ್ಡಮ್ಮ ಯಾಕೆ ಬರುವುದಿಲ್ಲವೆಂದು ಹುಡುಗಿ ಕೇಳಿದರೆ ಏನೋ ಮನಸ್ತಾಪ ಎಂದು ಮಾತು ಹಾರಿಸಿದಳು. ಇದೊಂದು ಮಾಡಬಾರದಿತ್ತು. ಗೊತ್ತಿದ್ದವರನ್ನು ನಂಬಿಸುವುದು ಕಷ್ಟ, ಏನೂ ಗೊತ್ತಿಲ್ಲದ ಹುಡುಗಿಯನ್ನು ನಂಬಿಸಲು ಒಂದು ಸಂಜೆ ಸಾಕು.

ವರ್ಷ ತುಂಬುವ ದಿನ ಮಧ್ಯಾಹ್ನ ಅವಳಿಗೆ ಜೊಂಪು ಹತ್ತಿತ್ತು. ಡ್ರಿಲ್ ಮಷೀನಿನ ಸದ್ದಿಗೆ ಎಚ್ಚರವಾಯಿತು. ಕಿಟಕಿಗಳು ಮುಚ್ಚಿದ್ದವು. ಆ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು.

"ಯಾರು ಪುಟ್ಟಿ?"

"ಔಷಧಿಯವರು ಅಮ್ಮ. ನೀನು ಮಲಗಿರು, ಆಗೋಯ್ತು," ಎಂದು ಮಗಳ ದನಿ ನಡುಮನೆಯಿಂದ ಬಂತು.

ಅವನು ಬಂದನಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು. ಒಳಗೆ ಬರಲಿ, ಬೇಡವೆಂದು ಬರೆದುಕೊಟ್ಟು ಕಳಿಸುವುದು ಎಂದು ದಿಂಬಿನ ಕೆಳಗಿನ ಪೆನ್ನಿಗಾಗಿ ತಡಕಾಡಿದಳು. ಡ್ರಿಲ್ಲು ನಿಂತಿತು. ಆಮೇಲೆ ಒಂದು ತಗ್ಗಿದ ದನಿ, ನೆಲಕ್ಕೆ ತೀರ ಹತ್ತಿರದಿಂದ, ಏನನ್ನೋ ಹೇಳಿಕೊಡುವ ದನಿ ಕೇಳಿತು. ಕರಣೆ ಸಿಮೆಂಟನ್ನು ಸವರುವ ಸದ್ದಾಯಿತು.

ಕಿರುಬೆರಳು ತುರಿಸಿತು.

ಬಲಗಾಲಿನ ಕಿರುಬೆರಳು. ಪಾದಕ್ಕೆ ಬಿಸಿ ಏರಿತು. ಹಿಮ್ಮಡಿ ಭಾರವಾಯಿತು. ಮೊಣಕಾಲು ಜುಮ್ಮೆಂದಿತು. ಮಾಂಸ ತುಂಬುತ್ತಿತ್ತು. ನರ ಬಿಗಿಯುತ್ತಿತ್ತು. ಬೆರಳು ಆಡಿಸಿದಳು. ಆಡಿದವು. ಖುಷಿಯಿಂದ ಕಣ್ಣಲ್ಲಿ ನೀರು ಬಂತು. ಆ ಖುಷಿ ಒಂದು ಉಸಿರಿನಷ್ಟು ಹೊತ್ತು ಇತ್ತು. ಇನ್ನೊಂದು ಉಸಿರಿಗೆ ಅರ್ಥವಾಯಿತು.

ಓಡಿದಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಎರಡೂ ಕಾಲಿನಲ್ಲಿ ಓಡಿದಳು.

ನಡುಮನೆಯ ಹೊಸ್ತಿಲ ಬಳಿ ಔಷಧಿಯವನು ಕರಣೆ ಒರೆಸಿಕೊಳ್ಳುತ್ತಿದ್ದ. ಗೋಡೆಗೆ ಒತ್ತಿಕೊಂಡು ಅಕ್ಕ ನಿಂತಿದ್ದಳು. ನಡುವೆ ಮಗಳು. ತಾಯಿ ಓಡಿ ಬಂದದ್ದನ್ನು ನೋಡಿ ಹುಡುಗಿಯ ಮುಖ ಅರಳಿತು.

"ಅಮ್ಮ, ನಡೀತಿದೀಯ," ಎಂದಳು, ಅಳುತ್ತ ನಗುತ್ತ. "ದೊಡ್ಡಮ್ಮ ಹೇಳಿದ್ದು ನಿಜ. ಮನೆ ಒಪ್ಪಂದ ನನ್ನ ಹೆಸರಿಗೆ ಮಾಡ್ಕೊಂಡ್ರೆ ನಿನ್ನ ಗ್ರಹಚಾರ ಕಳೆಯುತ್ತೆ, ನಿನಗೆ ಹೇಳಿದ್ರೆ ನೀನು ಬಿಡಲ್ಲ ಅಂದ್ರು. ಸಹಿ ಮಾಡಿದೆ ಅಷ್ಟೇ."

ಷರತ್ತಮ್ಮ ಅಕ್ಕನ ಕಡೆ ತಿರುಗಿದಳು. ಅಕ್ಕ ಕಣ್ಣು ತಪ್ಪಿಸಲಿಲ್ಲ.

"ನಿನ್ನ ಕಾಲನ್ನ ನಾನು ತಗೊಂಡಿದ್ದೆ," ಎಂದಳು ಅಕ್ಕ. "ವಾಪಸ್ ಕೊಟ್ಟಿದೀನಿ. ಇನ್ನು ನನ್ನ ಮೇಲೆ ಸಿಟ್ಟು ಬೇಡ ಕಣೇ."

"ಆ ಸಾಲು," ಎಂದು ಷರತ್ತಮ್ಮ ಔಷಧಿಯವನ ಅಂಗಿ ಹಿಡಿದಳು. "ಕೈಬಿಡೋ ಸಾಲು. ಇವಳದ್ದರಲ್ಲಿ ಇದೆಯಲ್ವಾ?"

"ಇಲ್ಲ ಮೇಡಂ. ನೀವು ತಿದ್ದಿದ ಹಾಗೇ ಮುಂದುವರಿಯುತ್ತೆ," ಎಂದ ಅವನು ಮೆಲ್ಲಗೆ ಅವಳ ಬೆರಳುಗಳನ್ನು ಬಿಡಿಸಿಕೊಳ್ಳುತ್ತ. "ವರ್ಷ ತುಂಬೋವರೆಗೆ ಯಾರೂ ಬಿಡೋ ಹಾಗಿಲ್ಲ."

ಅವನು ಮಷೀನು ಎತ್ತಿಕೊಂಡು ಹೋದ. ಅಕ್ಕ ಯಾವಾಗ ಹೋದಳೋ ತಿಳಿಯಲಿಲ್ಲ. ಉಗ್ರಾಣದ ಕಡೆಯಿಂದ ಮರದೊಳಗೆ ಕಟಕಟ ಸಣ್ಣ ಸದ್ದು ಶುರುವಾಗಿತ್ತು. ಷರತ್ತಮ್ಮ ಗಟ್ಟಿಯಾದ ಎರಡು ಕಾಲಿನ ಮೇಲೆ ನಿಂತೇ ಇದ್ದಳು, ಅವಳಿಗೆ ಆ ಕಾಲುಗಳನ್ನು ಕಡಿದು ಹಾಕಬೇಕೆನ್ನಿಸುತ್ತಿತ್ತು.

"ಯಾಕಮ್ಮ ಹಾಗೆ ನೋಡ್ತಿದೀಯ? ಸರಿಹೋಯ್ತಲ್ಲ," ಎಂದು ಮಗಳು ಹತ್ತಿರ ಬಂದಳು. ಬಲಗೈಯ ಕಿರುಬೆರಳನ್ನು ತುಟಿಗೆ ಒತ್ತಿಕೊಂಡಿದ್ದಳು. "ಉಗುರು ಜಾಸ್ತಿ ಕತ್ತರಿಸ್ಬಿಟ್ರು ಅನ್ಸುತ್ತೆ. ಆಗ ಉರೀತಿತ್ತು. ಈಗ ಏನೂ ಗೊತ್ತಾಗ್ತಿಲ್ಲ."